ಅಡ್ಜಸ್ಟ್ ಆಗಬೇಕಾದ್ದು ನಾನಲ್ಲ, ಲ್ಯಾಪ್‌ಟಾಪು

ಹೊಸಾ ಲ್ಯಾಪ್‌ಟಾಪ್ ತೊಗೊಂಡು ಎರಡು ತಿಂಗಳಾತು. ಈ ಎರಡು ತಿಂಗಳದಾಗ "ಅದು ಛೊಲೊ ಅದ ಏನ್ರಿ?" ಅಂತ ನನಗ ಒಬ್ಬರೂ ಕೇಳಿಲ್ಲ. ಎಲ್ಲಾರೂ ಕೇಳೋದು ಒಂದ ಮಾತು, "ಅಡ್ಜಸ್ಟ್ ಆದ್ರೇನ್ರಿ?" ಓಣಿಯವರು ಕೇಳ್ತಾರ, ಮೌಶಿ ಫೋನ್ ಮಾಡಿ ಕೇಳ್ತಾರ, ಕೆಲಸಾ ಕೊಡೋ ಸ್ಟುಡಿಯೋದವರೂ ಕೇಳ್ತಾರ. ನಮ್ಮ ಮನ್ಯಾಗಂತೂ ಒಂದು ಹೆಜ್ಜಿ ಮುಂದ ಹೋಗ್ಯಾರ. "ಮಷೀನಿಂದೇನೂ ತಪ್ಪಿಲ್ಲ, ನೀ ಸ್ವಲ್ಪ ಅಡ್ಜಸ್ಟ್ ಆಗ್ಬೇಕು ಅಷ್ಟ" ಅಂತ ತೀರ್ಪು ಕೊಟ್ಟು ಕೂತಾರ.

ನಾ ಈ ಮಾತು ಒಪ್ಪೂದಿಲ್ಲ. ಯಾಕ ಒಪ್ಪೂದಿಲ್ಲ ಅನ್ನೋದನ್ನ ಇವತ್ತ ಪೂರಾ ಹೇಳಿಬಿಡ್ತೇನಿ. ಚಹಾ ಇಟ್ಕೊಂಡು ಕೂಡ್ರಿ.

ಅಡ್ಜಸ್ಟ್ ಅನ್ನೋ ಶಬ್ದ ನಮ್ಮ ಹೆಣ್ಮಕ್ಕಳಿಗೆ ಹೊಸದಲ್ಲ. ಮದವಿ ಆದ ದಿನಾನ ಕಿವ್ಯಾಗ ಬಿದ್ದದ್ದು. ಅತ್ತಿಮನಿ ಸಾರಿನ ಖಾರಕ್ಕ ಅಡ್ಜಸ್ಟ್ ಆಗು. ವಾರಕ್ಕೊಮ್ಮೆ ಬರೋ ನಳದ ನೀರಿಗೆ, ಅದೂ ನಡುರಾತ್ರಿ ಬಂದ್ರ ನಡುರಾತ್ರಿಗೆ, ಅಡ್ಜಸ್ಟ್ ಆಗು. ಬಸ್ಸಿನಾಗ ಮೂರು ಮಂದಿ ಸೀಟಿಗೆ ನಾಕನೇದಾಕಿ ಬಂದ್ರ ಅಡ್ಜಸ್ಟ್ ಮಾಡ್ಕೊ. ಅಡಗಿಮನಿ ಕಟ್ಟಿ ಎತ್ತರ ನಿಕ್ಕಿ ಮಾಡಿದವರು ಯಾರು? ಗೌಂಡಿ ಮತ್ತ ಮನಿ ಯಜಮಾನ್ರು. ಆ ಕಟ್ಟಿ ಮುಂದ ಮೂವತ್ತು ವರ್ಷ ನಿಂತು ರೊಟ್ಟಿ ಬಡದವರು ನಾವು. ನಡಾ ನೋವು ಬಂತಂದ್ರ ಡಾಕ್ಟರ ಕಡೆ ಹೋಗು ಅಂತಾರ, ಕಟ್ಟಿ ಎತ್ತರ ತಪ್ಪಿತ್ತು ಅಂತ ಯಾರ ಬಾಯಾಗೂ ಬರೂದಿಲ್ಲ.

ಆದ್ರ ಗಂಡಸರ ಸಾಮಾನಿಗೆ ಈ ಶಾಸ್ತ್ರ ಇಲ್ಲ ನೋಡ್ರಿ. ಬಡಿಗ್ಯಾ ತನ್ನ ಉಳಿ ಹಿಡಿಕಿ ತನ್ನ ಕೈಯಳತಿಗೆ ತಾನ ಕೆತ್ತಿಕೊಳ್ತಾನ. ಟೇಲರ್ ತನ್ನ ಕಾಲಿಗೆ ಸರಿಯಾಗಿ ಮಷೀನಿನ ಪಟ್ಟಾ ಬಿಗೀತಾನ. ಟ್ರ್ಯಾಕ್ಟರ್ ತೊಗೊಳ್ಳಾಂವ ಸೀಟಿನ ಮ್ಯಾಲ ಕೂತು, ಕ್ಲಚ್ ತುಳದು, ಎರಡು ಸುತ್ತು ಹೊಡದು ನೋಡಿದ ಮ್ಯಾಲ ರೊಕ್ಕದ ಮಾತು ಆಡ್ತಾನ. ಅಂವಗ ಯಾರೂ ಟ್ರ್ಯಾಕ್ಟರಿಗೆ ಅಡ್ಜಸ್ಟ್ ಆಗಪಾ ಅನ್ನೂದಿಲ್ಲ.

ಮೊದಲ ನನ್ನ ದಗದ ಏನು ಅಂತ ಹೇಳಬೇಕು, ಯಾಕಂದ್ರ ನಾ ಮಧ್ಯಾಹ್ನ ಹೊತ್ತು ಹೋಗಲಾರದ ಫೋಟೋಕ್ಕ ಹೂವಿನ ಬಾರ್ಡರ್ ಹಚ್ಕೋತ ಕೂಡ್ತೇನಿ ಅಂತ ಭಾಳ ಮಂದಿ ತಿಳಕೊಂಡಾರ. ಮೂರು ಸ್ಟುಡಿಯೋದವರು ನನಗ ಮದವಿ, ಮುಂಜವಿ, ಕುಬಸದ ಫೋಟೋ ಕಳಸ್ತಾರ. ಒಂದು ಮದವಿ ಅಂದ್ರ ಎರಡು ಸಾವಿರ ಫೋಟೋ ಎಲ್ಲೂ ಹೋಗಿಲ್ಲ. ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ಪಂಕ್ತಿಯೊಳಗ ಬಾಯಿ ತೆರದದ್ದು ಎಲ್ಲಾ ಆರಿಸಿ ತಗೀಬೇಕು. ಉಳದದ್ದರ ಬೆಳಕು ಹೊಂದಸಬೇಕು. ಈಗಿನ ಮಂಟಪದಾಗ ಒಂದು ಕಡೆ ಹಳದಿ ಲೈಟು, ಇನ್ನೊಂದು ಕಡೆ ವಿಡಿಯೋದವರ ಬಿಳೇ ಲೈಟು, ಮ್ಯಾಲ ಡೆಕೋರೇಶನ್ನದವರ ನೇರಳೆ ಲೈಟು. ಅಕ್ಕಿಕಾಳು ಬೀಳೋ ಹೊತ್ತಿಗೆ ಮದುಮಗಳ ಮಾರಿ ಅರ್ಧಾ ಅರಿಷಿಣದ ಬೇರು, ಅರ್ಧಾ ನೇರಳೆ ಹಣ್ಣು ಆಗಿರ್ತದ. ಅದನ್ನ ಮನಷ್ಯಾರ ಬಣ್ಣಕ್ಕ ತರೋದು ನನ್ನ ಕೆಲಸಾ. ಇದರ ಜೋಡಿ ಬಳಗದವರ, ಓಣಿಯವರ ಹಳೇ ಫೋಟೋ. ಗೆದ್ದಲ ತಿಂದದ್ದು, ಮಳಿ ನೀರು ಬಿದ್ದದ್ದು, ಮಡಚಿದ ಗೆರಿ ಬರೋಬ್ಬರಿ ಮೂಗಿನ ಮ್ಯಾಲ ಬಂದದ್ದು. ಒಂದೊಂದಕ್ಕ ಎರಡೆರಡು ದಿನಾ ಹಿಡೀತದ.

ಹಳೇ ಲ್ಯಾಪ್‌ಟಾಪ್ ನಾ ಬ್ಯಾಸರಾಗಿ ಬಿಟ್ಟಿಲ್ಲ. ಒಂಬತ್ತು ವರ್ಷ ದುಡದದ, ಇನ್ನೂ ದುಡೀತಿತ್ತು. ಆದ್ರ ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 14 ಅಕ್ಟೋಬರ್ 2025ಕ್ಕ ಮುಗೀತು. ವಿಂಡೋಸ್ 11ಕ್ಕ ಟಿಪಿಎಂ 2.0 ಅನ್ನೋ ಭದ್ರತಾ ಭಾಗ ಬೇಕು, ಇಂಟೆಲ್ ಪ್ರೊಸೆಸರ್ ಆದ್ರ ಎಂಟನೇ ಪೀಳಿಗಿ ಇಲ್ಲಾ ಅದರ ಮುಂದಿಂದು ಬೇಕು. ನಂದು ಆರನೇದು. ಕುಕ್ಕರ್ ಗಟ್ಟಿ ಅದ, ಸೀಟಿ ಸರಿ ಹೊಡೀತದ, ಆದ್ರ ಆ ಅಳತಿ ರಬ್ಬರ್ ಇನ್ನ ಸಿಗೂದಿಲ್ಲ ಅಂದಂಗಾತು. ಸ್ಟುಡಿಯೋದವರ ಪೆನ್ ಡ್ರೈವ್ ದಿನಾ ಹಚ್ಚಿ ತಗೀಬೇಕಾದ್ದು, ಮಂದಿ ಫೋಟೋ ಇಟ್ಕೊಂಡು ಬಾಗಲಾ ತೆರದು ಮಲಗಲಿಕ್ಕೆ ಬರೂದಿಲ್ಲ. ಅದಕ್ಕ ಹೊಸಾದು.

ರೊಕ್ಕಾ ನಂದು, ಫೋಟೋ ತಿದ್ದಿ ಕೂಡಿಸಿದ್ದು. ಅಂಗಡಿಗೆ ಹೋದ್ರ ಅಲ್ಲಿ ಹುಡುಗ ಮಾತಾಡಿದ್ದು ನಮ್ಮನಿಯವರ ಜೋಡಿ, ನನ್ನ ತಮ್ಮನ ಮಗನ ಜೋಡಿ. ನಾ "ಸ್ಕ್ರೀನಿಗೆ ಎಸ್‌ಆರ್‌ಜಿಬಿ ಎಷ್ಟು ಪರ್ಸೆಂಟ್ ಅದನೋ ತಮ್ಮಾ?" ಅಂತ ಕೇಳಿದ್ರ ಅಂವಾ ತಮ್ಮನ ಮಗನ ಮಾರಿ ನೋಡಿ "ಫುಲ್ ಎಚ್‌ಡಿ ಅದ ಸರ್" ಅಂದ. ನಾ ಕೇಳಿದ್ದು ಜೋಳದ ಜಾತಿ, ಅಂವಾ ಹೇಳಿದ್ದು ಚೀಲದ ಅಳತಿ. ಆಮ್ಯಾಲ ಒಂದು ಕಾಮನಬಿಲ್ಲು ಹೊತ್ತಿಕೊಂಡ ಕೀಬೋರ್ಡಿನ ಲ್ಯಾಪ್‌ಟಾಪ್ ತಂದಿಟ್ಟು "ಇದು ಭಾರೀ ಪವರ್ ಮೇಡಂ, ಎಲ್ಲಾ ಗೇಮ್ ಓಡ್ತಾವ" ಅಂದ. ಬಣ್ಣಾ ನೋಡೋ ಕೆಲಸಾ ಮಾಡಾಕಿಗೆ, ಕೆಳಗಿಂದ ಕೆಂಪು-ಹಸರು-ನೀಲಿ ಬೆಳಕು ಮಾರಿ ಮ್ಯಾಲ ಬಿಡೋ ಮಷೀನು! ತಮ್ಮನ ಮಗಗ ಭಾಳ ಮನಸಿಗೆ ಬಂತು. ಅಂವಗ ಬರೋದ.

ಈ ಸ್ಕ್ರೀನಿನ ಮಾತು ಸ್ವಲ್ಪ ಬಿಡಿಸಿ ಹೇಳ್ತೇನಿ, ನಿಮ್ಮೊಳಗ ಯಾರರ ಮಗಳಿಗೆ, ಸೊಸಿಗೆ ತೊಗೊಳ್ಳೋವಾಗ ಉಪಯೋಗಕ್ಕ ಬರ್ತದ. ಎಸ್‌ಆರ್‌ಜಿಬಿ ಅನ್ನೋದು 1996ರಾಗ ಎಚ್‌ಪಿ ಮತ್ತ ಮೈಕ್ರೋಸಾಫ್ಟ್ ಕೂಡಿ ಮಾಡಿದ ಬಣ್ಣದ ಅಳತಿ. ಫೋಟೋ ಪ್ರಿಂಟ್ ಹಾಕೋ ಲ್ಯಾಬುಗಳು, ಮೊಬೈಲು, ಹೆಚ್ಚಾಗಿ ಎಲ್ಲಾ ನಡೆಯೋದು ಇದರ ಮ್ಯಾಲನ. ಸೋವಿ ಲ್ಯಾಪ್‌ಟಾಪಿನ ವಿವರದಾಗ ಇದನ್ನ ಬರಿಯೂದಿಲ್ಲ, "45 ಪರ್ಸೆಂಟ್ ಎನ್‌ಟಿಎಸ್‌ಸಿ" ಅಂತ ಬರೀತಾರ. ಎನ್‌ಟಿಎಸ್‌ಸಿ ಅಂದ್ರ ಅಮೇರಿಕಾದವರು 1953ರಾಗ ಕಲರ್ ಟೀವಿಗಂತ ಮಾಡಿದ ಅಳತಿ. ಲೆಕ್ಕಾ ಹಾಕಿದ್ರ ಅಂಥಾ ಸ್ಕ್ರೀನಿನಾಗ ಎಸ್‌ಆರ್‌ಜಿಬಿ ಬಣ್ಣದ ಮೂರರಾಗ ಎರಡು ಪಾಲೂ ಪೂರಾ ಕಾಣಸೂದಿಲ್ಲ. ಇಳಕಲ್ ಸೀರಿ ದಡಿ ಕೆಂಪಿಗೂ ಕುಂಕುಮದ ಕೆಂಪಿಗೂ ಫರಕ ಇರ್ತದಲ್ಲಾ, ಅದು ಆ ಸ್ಕ್ರೀನಿನಾಗ ಒಂದ ಆಗಿಬಿಡ್ತದ. ಕಾಣಲಾರದ್ದನ್ನ ತಿದ್ದೋದು ಹೆಂಗ? ಕಣ್ಣು ಕಟ್ಟಿ ಉಪ್ಪು ಹಾಕಂದ್ರ ಹಾಕೇನು, ಬಾಯಿ ಕಟ್ಟಿ ರುಚಿ ನೋಡಂದ್ರ ಏನು ಮಾಡ್ಲಿ?

ಮೂರು ಅಂಗಡಿ ತಿರುಗಿ, ನೂರು ಪರ್ಸೆಂಟ್ ಎಸ್‌ಆರ್‌ಜಿಬಿ ಇದ್ದದ್ದನ್ನ ಹಿಡದು ತಂದೆ. ಮನ್ಯಾಗ "ಹಠಮಾರಿ" ಅನ್ನಿಸ್ಕೊಂಡೆ. ಅನ್ನಲಿ.

ತಂದ ಮ್ಯಾಲಿಂದ ಶುರುವಾತು ಖರೇ ಕಥಿ. ಡಬ್ಬಿ ತೆಗದು ಹಚ್ಚಿದ ಕೂಡಲೆ ಹೊಸಾ ಲ್ಯಾಪ್‌ಟಾಪ್ ತನ್ನ ಮನಸಿನಂಗ ನಡೀತದ, ನಿಮ್ಮ ಮನಸಿನಂಗ ಅಲ್ಲ. ನನ್ನ ಸ್ಕ್ರೀನ್ "ವಿವಿಡ್" ಅನ್ನೋ ಆಟದಾಗ ಇತ್ತು. ಹಂಗಂದ್ರ ಎಲ್ಲಾ ಬಣ್ಣಾ ಭಡಕ್. ಅಬ್ಬಲಿ ಹೂವು ಬೆಂಕಿ ಹತ್ತಿಧಂಗ, ಎಲಿ ಮ್ಯಾಲಿನ ಕೋಸಂಬರಿ ಪ್ಲಾಸ್ಟಿಕ್ಕಿನಂಗ. ಬಂದು ನೋಡಿದವರೆಲ್ಲಾ "ಅಯ್ಯ, ಏನು ಛಂದ ಕಾಣಸ್ತದ!" ಅಂತಾರ. ಅಂಗಡ್ಯಾಗ ಮಾರಲಿಕ್ಕೆ ಅದು ಛಂದ. ನಾ ಅದನ್ನ ನೋಡಿ ಬಣ್ಣಾ ಕಡಿಮಿ ಮಾಡಿದ್ರ, ಪ್ರಿಂಟಿನಾಗ ಮದುಮಗಳು ಜ್ವರಾ ಬಂದು ಎದ್ದಾಕಿ ಹಂಗ ಬರ್ತಾಳ. ಸಂಜಿ ಆದ ಕೂಡಲೆ ಇನ್ನೊಂದು ಸೌಲಭ್ಯ ತಾನ ಚಾಲೂ ಆಗಿ ಸ್ಕ್ರೀನ್ ಹಳದಿ ಮಾಡ್ತದ, ಕಣ್ಣಿಗೆ ತಂಪಂತ. ಹೊರಗ ಮೋಡ ಮುಸುಕಿದ್ರ ಬೆಳಕು ತಾನ ಕಡಿಮಿ ಆಗ್ತದ, ಬಿಸಿಲು ಬಿದ್ರ ತಾನ ಏರ್ತದ. ಮುಂಜಾನೆ ತಿದ್ದಿದ ಮಾರಿ ಸಂಜೀಕ ಬ್ಯಾರೆ ಕಾಣಸ್ತದ. ತಕ್ಕಡಿಯೊಳಗ ಕಲ್ಲು ತಾನ ತೂಕಾ ಬದಲಸ್ಕೋತ ಕೂತ್ರ ವ್ಯಾಪಾರ ನಡೀತದೇನು?

ಇವನ್ನೆಲ್ಲಾ ನಾ ಮೊದಲನೇ ವಾರದಾಗ ಬಂದ್ ಮಾಡಿದೆ. ಸ್ಕ್ರೀನ್ ಎಸ್‌ಆರ್‌ಜಿಬಿಗೆ ಇಟ್ಟೆ. ಬೆಳಕು ಇಳಿಸಿದೆ, ಯಾಕಂದ್ರ ಸ್ಕ್ರೀನಿಗೆ ತನ್ನ ಬೆಳಕು ಅದ, ಕಾಗದಕ್ಕ ಇಲ್ಲ; ಸ್ಕ್ರೀನ್ ಝಗಝಗ ಇಟ್ಕೊಂಡು ತಿದ್ದಿದ ಫೋಟೋ ಕಾಗದದ ಮ್ಯಾಲ ಕಪ್ಪಾಗಿ ಬರ್ತದ. ಯಾರದೂ ಕೆಲಸಾ ಕೈಗೆ ತೊಗೊಳ್ಳೋಕಿಂತಾ ಮೊದಲ ನಮ್ಮ ಮನೀವ ಆರು ಫೋಟೋ ಆರಿಸಿ, 4 ಇಂಚು 6 ಇಂಚಿನ ಪ್ರಿಂಟ್ ಹಾಕಿಸಿ, ಕಿಟಕಿ ಬೆಳಕಿನಾಗ ಸ್ಕ್ರೀನಿನ ಬಾಜೂಕ ಹಿಡದು ಹಿಡದು ನೋಡಿದೆ. ಮೂರು ಸಲಾ ಪ್ರಿಂಟ್ ಹಾಕಿಸಿದ ಮ್ಯಾಲ ಎರಡೂ ಒಂದಕ್ಕೊಂದು ಹೊಂದಿದ್ವು. ಅಡ್ಜಸ್ಟ್ ಆಗಿದ್ದು ಯಾರು? ಸ್ಕ್ರೀನು. ನನ್ನ ಕಣ್ಣಲ್ಲ.

ಇನ್ನ ಅಕ್ಷರಾ. ಈಗಿನ ಸ್ಕ್ರೀನಿನಾಗ ಚುಕ್ಕಿ ಜಾಸ್ತಿ, ಅದಕ್ಕ ಫೋಟೋ ನುಣ್ಣಗ ಕಾಣಸ್ತದ, ಒಪ್ತೇನಿ. ಆದ್ರ ಹಳೇ ಸಾಫ್ಟ್‌ವೇರಿನ ಬಟನ್ನು ಸಾಸಿವಿ ಕಾಳಿನಷ್ಟು ಆಗ್ಯಾವ. "ಚಾಳೀಸು ನಂಬರ್ ಬದಲಸು ಅತ್ಯಾ" ಅಂದ ತಮ್ಮನ ಮಗ. ಇಪ್ಪತ್ತೆರಡು ವರ್ಷದ ಕಣ್ಣಿಗೆ ಅಳತಿ ಹಿಡದು ಮಷೀನ್ ಮಾಡಿ, ಐವತ್ತಾರು ವರ್ಷದ ಕಣ್ಣಿಗೆ ಬುದ್ಧಿ ಹೇಳೋದು. ಅಕ್ಷರಾ ದೊಡ್ಡದು ಮಾಡೋ ಅಳತಿ ಅದರೊಳಗನ ಅದ, 150 ಪರ್ಸೆಂಟಿಗೆ ಇಟ್ಟೆ, ಬಾಣದ ಗುರ್ತೂ ದೊಡ್ಡದು ಮಾಡಿದೆ. ಚಾಳೀಸಿನ ಮಾತೂ ಹೇಳ್ತೇನಿ: ಮ್ಯಾಲ ದೂರಿಂದು, ಕೆಳಗ ಓದೋದು ಇರೋ ಚಾಳೀಸು ಹಾಕ್ಕೊಂಡು ಸ್ಕ್ರೀನ್ ನೋಡಿದ್ರ ಗದ್ದಾ ಮ್ಯಾಲೆತ್ತಿ ಕೂಡಬೇಕಾಗ್ತದ, ಕುತಗಿ ಹಿಡೀತದ. ಪುಸ್ತಕಾ ನಾವು ಹಿಡಿಯೋದು ಒಂದು ಮೊಳಕ್ಕೂ ಹತ್ರ, ಸ್ಕ್ರೀನ್ ಇರೋದು ಅದಕ್ಕಿಂತಾ ದೂರ. ಕಣ್ಣಿನ ಡಾಕ್ಟರಿಗೆ ಸ್ಕ್ರೀನ್ ಎಷ್ಟು ದೂರ ಅದ ಅಂತ ಟೇಪಿನಿಂದ ಅಳದು ಹೇಳಿ, ಅಷ್ಟಕ್ಕಂತ ಒಂದ ನಂಬರಿನ ಬ್ಯಾರೆ ಚಾಳೀಸು ಮಾಡಿಸಿದೆ. ಲ್ಯಾಪ್‌ಟಾಪಿನ ಕೆಳಗ ಹಳೇ ಡಿಕ್ಷನರಿ ಇಟ್ಟು ಕಣ್ಣಿನ ಎತ್ತರಕ್ಕ ತಂದೆ, ಮುಂದ ವೈರಿನ ಕೀಬೋರ್ಡು, ಮೌಸು. "ಇಷ್ಟು ತೆಳ್ಳಗಿನ ಲ್ಯಾಪ್‌ಟಾಪ್ ತೊಗೊಂಡು ಇದೇನು ಸಂಸಾರ ಹರವೀರಿ?" ಅಂತಾರ. ತೆಳ್ಳಗ ಇರೋದು ಹೊತ್ಕೊಂಡು ತಿರಗಾವ್ರಿಗೆ. ನಾ ಎಲ್ಲಿಗೆ ಹೊರಲಿ?

ಬೆರಳಿನ ಮಾತು ಕೇಳಿದ್ರ ನಿಮಗೂ ಸಿಟ್ಟು ಬರ್ತದ. ಈ ಲ್ಯಾಪ್‌ಟಾಪ್ ಬೆರಳು ಮುಟ್ಟಿದ್ರ ತೆರೀತದ ಅಂತ ಭಾರೀ ಹೇಳಿದ್ರು. ನಮ್ಮನಿಯವರು ಮುಟ್ಟಿದ್ರ ತೆರೀತದ, ತಮ್ಮನ ಮಗ ಮುಟ್ಟಿದ್ರ ತೆರೀತದ. ನಾ ಮುಟ್ಟಿದ್ರ "ಮತ್ತೊಮ್ಮೆ ಪ್ರಯತ್ನಿಸಿ". ರೇಶನ್ ಅಂಗಡ್ಯಾಗ ಹೆಬ್ಬಟ್ಟು ಒತ್ತಿ ಒತ್ತಿ ಹಣಿ ಚಚ್ಚಿಕೊಂಡ ಹೆಣ್ಮಕ್ಕಳಿಗೆ ಇದು ಗೊತ್ತದ. ಭಾಂಡೆ ತಿಕ್ಕಿ, ಅರಿವಿ ಒಗದು, ಕಾಯಿಪಲ್ಲೆ ಹೆಚ್ಚಿ ಬೆರಳಿನ ಗೆರಿ ಸವದಿರ್ತಾವ. ಕೆಲಸಾ ಮಾಡಿದ ಕೈ ಗುರ್ತು ಹಿಡಿಯೂದಿಲ್ಲ ಅದು, ಮಾಡಲಾರದ ಕೈ ಗುರ್ತು ಹಿಡೀತದ. ಕೈಗೆ ಎಣ್ಣಿ ಹಚ್ಕೋ ಅಂದ್ರು, ಬೆರಳು ಒಣಗಿಸ್ಕೊಂಡು ಬಾ ಅಂದ್ರು. ನಾ ಆ ಸೌಲಭ್ಯಾನ ತಗದು ಒಗದು ಆರು ಅಂಕಿ ನಂಬರ್ ಇಟ್ಟೆ. ಈಗ ನನಗಷ್ಟ ತೆರೀತದ.

ಕ್ಲೌಡಿನ ವಿಷಯ ಇನ್ನೂ ದೊಡ್ಡದು, ಯಾಕಂದ್ರ ಅದರೊಳಗ ನಿಮ್ಮ ಮನೀ ಫೋಟೋನೂ ಅವ. ಹೊಸಾ ಮಷೀನು ಮೊದಲನೇ ದಿನಾ ಹತ್ತು ಪ್ರಶ್ನಿ ಕೇಳ್ತದ. ಎಲ್ಲಾದಕ್ಕೂ "ಹೂಂ" ಅನ್ನೋ ಬಟನ್ನು ದೊಡ್ಡದು, ನೀಲಿ. "ಬ್ಯಾಡ" ಅನ್ನೋದು ಮೂಲ್ಯಾಗ, ಬೂದಿ ಬಣ್ಣದ್ದು. ಎಲ್ಲಾದಕ್ಕೂ ಹೂಂ ಅಂದ್ರ ಡೆಸ್ಕ್‌ಟಾಪ್ ಮ್ಯಾಲ ಇಟ್ಟದ್ದೆಲ್ಲಾ ತಾನ ಇಂಟರ್‌ನೆಟ್ಟಿಗೆ ಏರ್ಲಿಕ್ಕೆ ಶುರುಮಾಡ್ತದ. ಮ್ಯಾಲ ಪುಕ್ಕಟ ಜಾಗಾ ಇರೋದು ಎಷ್ಟು? ಒನ್‌ಡ್ರೈವಿನಾಗ 5 ಜಿಬಿ, ಗೂಗಲ್ಲಿನಾಗ 15 ಜಿಬಿ. ಕ್ಯಾಮರಾದ ಕಚ್ಚಾ ಫೋಟೋ, ರಾ ಅಂತಾರಲ್ಲಾ ಅದು, ಒಂದಕ್ಕ 25 ಎಂಬಿ ಹಿಡದ್ರೂ 200 ಫೋಟೋಕ್ಕ 5 ಜಿಬಿ ತುಂಬ್ತದ. ಮದವ್ಯಾಗ ದೇವರ ಊಟದ ತನಕಾನೂ ಸಾಲೂದಿಲ್ಲ. ತುಂಬಿದ ಮ್ಯಾಲ ದಿನಾ ಮುಂಜಾನೆ "ಜಾಗಾ ಕೊಂಡ್ಕೋರಿ" ಅಂತ ಚೀಟಿ.

ರೊಕ್ಕದ ಮಾತು ಅತ್ಲಾಗಿರಲಿ. ಒಬ್ಬಾಕಿ ತನ್ನ ಬಸರಿ ಬಯಕಿ ಫೋಟೋ ನನ್ನ ಕೈಯಾಗ ಕೊಟ್ಟಾಳಂದ್ರ, ಅದು ನನ್ನ ಕೈಯಾಗ ಕೊಟ್ಟದ್ದು. ನಮ್ಮವ್ವ ಮಂದಿ ಮನಿ ಸೀರಿಗೆ ಫಾಲ್ ಹಚ್ಚಿ ಕೊಡ್ತಿದ್ಲು, ಆ ಸೀರಿ ಒಂದು ತಾಸೂ ಬ್ಯಾರೆಯವರ ಮನ್ಯಾಗ ಇಟ್ಟಿದ್ದಿಲ್ಲ. ಮಷೀನು ಕೇಳಿದಂಗ ಮಾಡಿ ಒಯ್ಯೋದು ಕೇಳಿ ಒಯ್ದಂಗಲ್ಲ. "ಎಲ್ಲಾರೂ ಹಂಗ ಮಾಡ್ತಾರ, ಏನಾಗೂದಿಲ್ಲ" ಅನ್ನೋರಿಗೆ ನಾ ಕೇಳೋದಿಷ್ಟ: ಏನಾಗೂದಿಲ್ಲ ಅಂತ ಯಾರ ಪರವಾಗಿ ಹೇಳ್ಲಿಕ್ಕತ್ತೀರಿ? ಫೋಟೋ ನಿಮ್ಮದಲ್ಲ, ನಂದೂ ಅಲ್ಲ. ನಾ ಬೂದಿ ಬಣ್ಣದ "ಬ್ಯಾಡ" ಹುಡುಕಿ ಹುಡುಕಿ ಒತ್ತೇನಿ. ನನ್ನ ಲೆಕ್ಕ ಹಳೇ ಲೆಕ್ಕ: ಒಂದು ಪ್ರತಿ ಲ್ಯಾಪ್‌ಟಾಪಿನಾಗ, ಒಂದು ಟ್ರೆಜರಿಯೊಳಗಿನ ಡಿಸ್ಕಿನಾಗ, ಕೆಲಸಾ ಮುಗದು ಆಲ್ಬಮ್ ಕೊಟ್ಟು ಆರು ತಿಂಗಳಿಗೆ ಅವರನ್ನ ಕೇಳಿ ಎರಡೂ ಅಳಸ್ತೇನಿ.

ಹಾಂ, ಡಿಸ್ಕ್ ಅಂದಕೂಡಲೆ ನೆನಪಾತು. 512 ಜಿಬಿ ಬೇಕಾದಷ್ಟಾತು ಅಂತ ಅಂಗಡ್ಯಾಗ ಹೇಳ್ತಾರ. ಎರಡು ಸಾವಿರ ಫೋಟೋಕ್ಕ 25 ಎಂಬಿ ಹಂಗ ಹಿಡದ್ರ ಒಂದು ಮದವಿಗೆ 50 ಜಿಬಿ. ವಿಂಡೋಸು, ಸಾಫ್ಟ್‌ವೇರು ಹೋಗಿ ಉಳದದ್ದರಾಗ ಏಳೆಂಟು ಮದವಿ. ಒಂದು ಲಗ್ನಸರಾಯಿನೂ ದಾಟೂದಿಲ್ಲ. ರ‍್ಯಾಮ್ ಸುದ್ದಾ ತೆಳ್ಳನ ಲ್ಯಾಪ್‌ಟಾಪಿನಾಗ ಹೆಚ್ಚಾಗಿ ಬೋರ್ಡಿಗೆ ಬೆಸದ ಬಿಟ್ಟಿರ್ತಾರ, ಮುಂದ ಹೆಚ್ಚಿಗಿ ಹಾಕಲಿಕ್ಕೆ ಬರೂದಿಲ್ಲ. ತೊಗೊಳ್ಳೋವಾಗನ 16 ಇರಬೇಕು. ಸಾಫ್ಟ್‌ವೇರಿಂದು ಎಲ್ಲಾರಿಗೂ ಗೊತ್ತಿದ್ದದ್ದ: ಫೋಟೋಶಾಪಿನ ಹೊಸಾ ಆವೃತ್ತಿ 2013ರಿಂದ ಬಾಡಿಗಿಗಷ್ಟ, ಕೊಂಡು ಇಟ್ಕೊಳ್ಳಿಕ್ಕೆ ಬರೂದಿಲ್ಲ. ನಾ ಹಳೇ ಫೋಟೋ ಕೆಲಸಾ ಪುಕ್ಕಟ ಸಿಗೋ ಜಿಂಪ್‌ನಾಗ ಮಾಡ್ತೇನಿ. ಬಾಡಿಗಿ ಮನ್ಯಾಗ ಇಪ್ಪತ್ತು ವರ್ಷ ಇದ್ದಾಕಿಗೆ ಮತ್ತ ಬಾಡಿಗಿ ಅಂದ್ರ ಜೀವಾ ಹೋಗ್ತದ.

ಈಗ ನನಗ ಎಲ್ಲಾದಕ್ಕಿಂತಾ ಸಿಟ್ಟು ತಂದದ್ದು ಹೇಳ್ತೇನಿ. ಹೊಸಾ ಲ್ಯಾಪ್‌ಟಾಪಿನ ಜೋಡಿ ಹೊಸಾ ಜಾತಿ ಬಟನ್ನು ಬಂದಾವ. ಎಐ ಅಂತ. ಒಂದು ಒತ್ತಿದ್ರ ಮಾರಿ ನುಣ್ಣಗ, ಇನ್ನೊಂದು ಒತ್ತಿದ್ರ ಹಳೇ ಫೋಟೋ ಹೊಸದು, ಮತ್ತೊಂದು ಒತ್ತಿದ್ರ ಕಪ್ಪು-ಬಿಳಿ ಫೋಟೋಕ್ಕ ಬಣ್ಣಾ. "ಇನ್ನ ನಿಮಗೇನು ಕೆಲಸಾ ಉಳೀತ್ರಿ?" ಅಂತ ಒಬ್ಬರು ನಕ್ಕೋತ ಕೇಳಿದ್ರು. ಬರ್ರಿ, ಉಳದದ್ದೇನು ತೋರಸ್ತೇನಿ.

ನಮ್ಮ ಬಳಗದಾಗಿನ ಒಬ್ಬ ಅಜ್ಜಿ ಫೋಟೋ ಬಂದಿತ್ತು. ಅಜ್ಜಿ ಹೋಗಿ ನಾಕ್ವತ್ತು ವರ್ಷಾಗಿರಬೇಕು, ಇರೋದು ಅದೊಂದ ಫೋಟೋ. ಹಣಿ ಮ್ಯಾಲ ಹಚ್ಚಿ ಚುಕ್ಕಿ, ಗದ್ದಕ್ಕ ಒಂದು ಹಚ್ಚಿ ಚುಕ್ಕಿ, ಮೂಗಿನಾಗ ನತ್ತು. ಏನು ಮಾಡ್ತದ ನೋಡೋಣಂತ ಒಂದು ಪ್ರತಿ ಮಾಡಿ ಆ ಬಟನ್ ಒತ್ತಿದೆ. ಹಚ್ಚಿ ಎರಡೂ ಕಲೆ ಅಂತ ತಿಳದು ಅಳಸಿತು. ನತ್ತಿನ ಅರ್ಧಾ ನುಂಗಿತು. ಕಣ್ಣು ಎರಡೂ ಸಮ ಮಾಡ್ತು. ಅಜ್ಜಿದು ಎಡಗಣ್ಣು ಸ್ವಲ್ಪ ಸಣ್ಣದಿತ್ತು, ಅದ ಕಣ್ಣು ಆಕಿ ಮಗಳಿಗೆ, ಮೊಮ್ಮಗಳಿಗೆ ಬಂದದ. ಅಗದಿ ನುಣ್ಣನ, ಛಂದನ ಒಬ್ಬಾಕಿ ಹೆಣ್ಮಗಳು ಬಂದು ಕೂತ್ಲು, ಯಾರೋ ಏನೋ. ಮಸಕ ಇದ್ದಲ್ಲೆ ಏನಿತ್ತು ಅಂತ ಆ ಬಟನ್ನಿಗೆ ಗೊತ್ತಿರೂದಿಲ್ರಿ. ಅದು ಬ್ಯಾರೆ ಲಕ್ಷಗಟ್ಟಲೆ ಮಾರಿ ನೋಡಿ ಕಲ್ತಿರ್ತದ, ಅದರೊಳಗಿಂದ ಒಂದು ಮಾರಿ ಊಹಾ ಮಾಡಿ ತಂದು ಹಚ್ತದ. ಮನಿಯವರು ಅದನ್ನ ದೊಡ್ಡದು ಮಾಡಿಸಿ, ಹಾರ ಹಾಕಿ, ನಮಸ್ಕಾರ ಮಾಡ್ತಾರ. ಯಾರಿಗೆ ಮಾಡಿಧಂಗಾತು?

ಬಣ್ಣದ್ದೂ ಅದ ಕಥಿ. ಕಪ್ಪು-ಬಿಳಿ ಫೋಟೋದಾಗ ಬೆಳಕು ಎಷ್ಟು ಅನ್ನೋದಷ್ಟ ಇರ್ತದ, ಬಣ್ಣಾ ಯಾವುದು ಅನ್ನೋದು ಇರೂದಿಲ್ಲ. ಒಂದು ಕೆಂಪೂ ಒಂದು ಹಸರೂ ಒಂದ ನಮೂನಿ ಬೂದಿ ಆಗಿ ಬರಬಹುದು. ಮಷೀನು ಸೀರಿಗೆ ಮನಸಿಗೆ ಬಂದ ಬಣ್ಣಾ ತುಂಬ್ತದ, ಹೆಚ್ಚಾಗಿ ಸಪ್ಪನ ನೀಲಿ ಇಲ್ಲಾ ಕಂದು. ನಾ ಏನು ಮಾಡ್ತೇನಿ ಅಂದ್ರ ಮನಿ ಹಿರೇರಿಗೆ ಫೋನ್ ಹಚ್ತೇನಿ. "ಕಾಕು, ಆ ಕುಬಸದಾಗ ಅಕ್ಕನ ಖಣಾ ಯಾವ ಬಣ್ಣದ್ದು?" ಅವರು ಅರ್ಧಾ ತಾಸು ನೆನಪು ತಗೀತಾರ, ಅಳ್ತಾರ, ನಗ್ತಾರ, ಕಡೀಕ "ಜಾಂಬಳಿ ಬಣ್ಣಾ, ಹಳದಿ ದಡಿ" ಅಂತಾರ. ಆಗ ನಾ ಜಾಂಬಳಿ ಹಾಕ್ತೇನಿ. ಇದಕ್ಕ ಟೈಮ್ ಹಿಡೀತದ, ಹೌದು.

ಇನ್ನ ಮಾರಿ ಬೆಳ್ಳಗ ಮಾಡೋ ಬಟನ್ನು. ಇದರ ಬಗ್ಗೆ ನಮ್ಮ ನಮ್ಮೊಳಗನ ಜಗಳಾ ಆಡೋ ಮಾತದ, ಮನಸಿಗೆ ಹಚ್ಕೋಬ್ಯಾಡ್ರಿ. ಹತ್ತರಾಗ ಏಳು ಮದವಿ ಆಲ್ಬಮ್ಮಿಗೆ "ಹುಡಿಗಿ ಮಾರಿ ಸ್ವಲ್ಪ ಬೆಳ್ಳಗ ಮಾಡ್ರಿ" ಅಂತ ಮಾತು ಬರ್ತದ, ಮತ್ತ ಅದನ್ನ ಹೇಳಿ ಕಳಸೋರು ಗಂಡಸರಲ್ಲ, ನಾವ. ಅತ್ತಿ, ಅವ್ವ, ನೆಗೆಣ್ಣಿ. ಹುಡಗನ ಮಾರಿ ಬೆಳ್ಳಗ ಮಾಡ್ರಿ ಅಂತ ಈ ತನಕಾ ಒಮ್ಮೆನೂ ಬಂದಿಲ್ಲ. ಈ ರೋಗ ಮಷೀನಿಗೂ ಹಳೇದ ಅದ. ಅಮೇರಿಕಾದ ಕೊಡ್ಯಾಕ್ ಕಂಪನಿ 1950ರ ದಶಕದಿಂದ ಫೋಟೋ ಲ್ಯಾಬಿಗೆ ಬಣ್ಣಾ ಹೊಂದಸಲಿಕ್ಕೆ ಒಂದು ನಮೂನಿ ಫೋಟೋ ಕಳಸ್ತಿತ್ತು, ಶರ್ಲಿ ಕಾರ್ಡ್ ಅಂತ. ಅದರ ಮ್ಯಾಲ ಇರಾಕಿ ಬಿಳೀ ಹೆಣ್ಮಗಳು. ಆಕಿ ಮಾರಿ ಸರಿ ಬಂತಂದ್ರ ಬಣ್ಣಾ ಸರಿ ಬಂತು ಅಂತ ಲೆಕ್ಕ. ಕಪ್ಪು ಮೈಯವರು ಆ ಲೆಕ್ಕದಾಗ ಮಸಿ ಆಗಿ ಬಂದ್ರು. ಬ್ಯಾರೆ ಬ್ಯಾರೆ ಮೈಬಣ್ಣದವರ ಕಾರ್ಡ್ ಬರ್ಲಿಕ್ಕೆ 1990ರ ದಶಕಾ ಆಗಬೇಕಾತು. ನಮ್ಮಲ್ಲೆ ಹೆಸರಾದ ಮುಖದ ಕ್ರೀಮಿನ ಡಬ್ಬಿ ಮ್ಯಾಲಿಂದ "ಫೇರ್" ಅನ್ನೋ ಶಬ್ದ 2020ರಾಗ ತಗದ್ರು. ಡಬ್ಬಿ ಮ್ಯಾಲಿಂದ ಹೋತು, ಬಟನ್ನಿನಾಗ ಬಂದು ಕೂತು.

ನಾ ನೇರಳೆ ಲೈಟು ತಗೀತೇನಿ, ಬೆವರು ಒರಸ್ತೇನಿ, ನಿದ್ದಿಗೆಟ್ಟ ಕಣ್ಣಿನ ಕೆಳಗಿನ ಕಪ್ಪು ಸ್ವಲ್ಪ ಇಳಸ್ತೇನಿ. ಮೈಬಣ್ಣಕ್ಕ ಕೈ ಹಚ್ಚೂದಿಲ್ಲ. ಇದಕ್ಕಂತ ಎರಡು ಆಲ್ಬಮ್ ಬ್ಯಾರೆಯವರ ಕಡೆ ಹೋಗ್ಯಾವ, ಅದರ ರೊಕ್ಕಾನೂ ಹೋಗೇದ. ಹುಡಿಗಿ ಇಪ್ಪತ್ತು ವರ್ಷದ ಮ್ಯಾಲ ತನ್ನ ಮಗಳಿಗೆ ಆಲ್ಬಮ್ ತೋರಿಸಿದಾಗ, ಆ ಮಗಳು "ಅವ್ವಾ, ಇದು ನೀ ಅಲ್ಲ" ಅನ್ನಬಾರದು.

"ವಯಸ್ಸಾತು, ಹೊಸಾದು ಕಲೀಲಿಕ್ಕೆ ಬ್ಯಾಸರಕಿ, ಅದಕ್ಕ ಇಷ್ಟೆಲ್ಲಾ ಮಾತು" ಅನ್ನೋರು ಇದ್ದಾರ, ಅವರ ಹೆಸರು ಹೇಳೂದಿಲ್ಲ. ಕಲ್ತೇನಿ ನೋಡ್ರಿ. ಮೊದಲ ಒಂದು ತಾಸು ತೊಗೊಳ್ತಿದ್ದ ಎರಡು ನೂರು ಫೋಟೋ ಈಗ ಹತ್ತು ಮಿನಿಟಿನಾಗ ಹೊರಗ ಬರ್ತಾವ, ಅದನ್ನ ನಾ ಎರಡೂ ಕೈಯಿಂದ ತೊಗೊಂಡೇನಿ. ಕೂದಲದ ಅಂಚು ಕತ್ತರಿಸಿ ಹಿಂದಿನ ಪರದಿ ಬ್ಯಾರೆ ಮಾಡೋ ಸೌಲಭ್ಯ ಮೊದಲ ಅರ್ಧಾ ದಿನಾ ತಿನ್ನೋದು, ಈಗ ಒಂದು ಕ್ಷಣ; ಮಲ್ಲಿಗಿ ದಂಡಿ ಇದ್ದಲ್ಲೆ ಅಷ್ಟ ಕೈಯಿಂದ ತಿದ್ದಬೇಕು. ಬದಲಾದ ಕೀಗಳನ್ನ ಒಂದು ಹಾಳ್ಯಾಗ ಬರದು ಗ್ವಾಡಿಗೆ ಹಚ್ಚಿ ಬಾಯಿಪಾಠ ಮಾಡೇನಿ, ಸಾಲ್ಯಾಗ ಮಗ್ಗಿ ಕಲ್ತಂಗ. ಕೆಲಸಕ್ಕ ಬರೋದನ್ನ ಕಲೀಲಿಕ್ಕೆ ನನಗ ಯಾರೂ ಅಡ್ಜಸ್ಟ್ ಅನ್ನೋ ಔಷಧ ಕುಡಿಸಬೇಕಾಗಿಲ್ಲ. ಕೆಲಸಾ ಕೆಡಸೋದನ್ನೂ ಅದರ ಜೋಡಿ ನುಂಗಂದ್ರ ನಾ ಉಗುಳ್ತೇನಿ.

ಉಳದದ್ದು ಮನಿಯವರ ಅಡ್ಜಸ್ಟಿನ ಮಾತು. ಲ್ಯಾಪ್‌ಟಾಪಿಗೆ ಈಗ ಊಟದ ಟೇಬಲ್ ಅಲ್ಲ, ಕಿಟಕಿ ಬಾಜೂಕ ತಂದು ಬ್ಯಾರೆ ಟೇಬಲ್ ಆಗೇದ, ಬೆಳಕು ಮಗ್ಗಲಿನಿಂದ ಬರ್ತದ, ಸ್ಕ್ರೀನಿನ ಮ್ಯಾಲ ಬೀಳೂದಿಲ್ಲ. ತಮ್ಮನ ಮಗನ ಎರಡು ಗೇಮ್ ನಾನ ತಗದೇನಿ. ಮನಿ ಮಂದಿಗೆಲ್ಲಾ ಹಳೇ ಲ್ಯಾಪ್‌ಟಾಪ್ ಅದ, ಸಿನೆಮಾ ಹಳೇದರಾಗ ನೋಡ್ರಿ. ರೇಲ್ವೆ ಟಿಕೀಟು, ಕರೆಂಟ್ ಬಿಲ್ಲು, ಮಕ್ಕಳ ಮಾರ್ಕ್ಸ್ ಕಾರ್ಡ್ ನಿಮ್ಮ ನಿಮ್ಮ ಮೊಬೈಲಿನಾಗ ಮಾಡ್ಕೋರಿ. ಬಳಗದವರ ಹಳೇ ಫೋಟೋ ಮೊದಲನೇದು ಪುಕ್ಕಟ, ಎರಡನೇದರಿಂದ ಸ್ಟುಡಿಯೋದವರು ಕೊಡೋದರ ಅರ್ಧಾ ರೇಟು. ಮೊಬೈಲಿನಾಗ ಫೋಟೋದ ಫೋಟೋ ಹೊಡದು ಕಳಸಬ್ಯಾಡ್ರಿ, ಮೂಲ ಫೋಟೋನ ತರ್ರಿ, ಕಾಗದಾ ಸುತ್ತಿ, ಮಡಚಲಾರದ. ಮಧ್ಯಾಹ್ನ ಎರಡರಿಂದ ಐದರ ತನಕಾ ನಾ ಕೆಲಸದ ಮ್ಯಾಲ ಇರ್ತೇನಿ, ಆವಾಗ ಬಂದ್ರ ಚಹಾ ನೀವ ಮಾಡ್ಕೋಬೇಕು, ನನಗೂ ಒಂದು ಅರ್ಧಾ ಕಪ್ಪು ಕೊಡ್ರಿ. ಸಕ್ರಿ ಕಡಿಮಿ.